ಮೆಮೊರಿಯ ಔಟ್‌ಟರ್ನ್

ನನ್ನ ಗಂಡ ಜಯಪ್ರಕಾಶ್ ಅವರಿಗೆ ಈ ಲೋಕದಲ್ಲಿ ಗಟ್ಟಿ ನಂಬಿಕೆ ಇರುವುದು ಒಂದೇ ವಿಷಯದಲ್ಲಿ: ಯಾರನ್ನಾದರೂ ನಂಬಿದರೆ ಕೆಟ್ಟೆ ಎಂಬುದರಲ್ಲಿ. ಹಾಲಿನವನು ತಂದ ಹಾಲನ್ನು ಬೆರಳಿಗೆ ಸವರಿ ನೋಡುತ್ತಾರೆ. ಬಸ್ಸಿನಲ್ಲಿ ಕೂತು ಮಡಿಕೇರಿಗೆ ಟಿಕೆಟ್ ತೆಗೆದುಕೊಂಡ ಮೇಲೂ ಪಕ್ಕದವರ ಹತ್ತಿರ, ಇದು ಮಡಿಕೇರಿಗೇ ಹೋಗುತ್ತದೆ ತಾನೆ ಎಂದು ವಿಚಾರಿಸುತ್ತಾರೆ. ನನ್ನನ್ನು ನೋಡಲು ಬಂದಾಗಲೂ ಎರಡು ಸಲ ಬಂದಿದ್ದರು. ಮೊದಲ ಸಲ ತೋರಿಸಿದ ಹುಡುಗಿಯನ್ನೇ ಎರಡನೇ ಸಲವೂ ತೋರಿಸುತ್ತಾರೋ ಇಲ್ಲವೋ ಖಾತ್ರಿ ಮಾಡಿಕೊಳ್ಳಬೇಕಿತ್ತಂತೆ.

ಇದಕ್ಕೆಲ್ಲ ಮೂಲ ಕಾಫಿ. ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ತೋಟವಿದೆ. ಒಣಗಿಸಿದ ಕಾಫಿಯನ್ನು ಸಿಪ್ಪೆ ಸಮೇತ ಮಾರುವಾಗ ವ್ಯಾಪಾರಿ ಮೊದಲು ಒಂದು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ, ಐವತ್ತು ಕೆಜಿ ಮೂಟೆಗೆ ಎಷ್ಟು ಕೆಜಿ ಬೀಜ ಸಿಕ್ಕೀತು ಎಂದು ಲೆಕ್ಕ ಹಾಕುತ್ತಾನೆ. ಅದಕ್ಕೆ ಔಟ್‌ಟರ್ನ್ ಅನ್ನುತ್ತಾರೆ. ಇಪ್ಪತ್ತಾರು ಬಂದರೆ ಪರವಾಗಿಲ್ಲ. ಇಪ್ಪತ್ತೆಂಟು ಬಂದರೆ ಬೆಳೆಗಾರ ಮೀಸೆ ತಿರುವಬಹುದು. ಇಪ್ಪತ್ತಮೂರಕ್ಕೆ ಇಳಿಯಿತೋ, ಒಂದೋ ಕಾಫಿ ಜೊಳ್ಳು, ಇಲ್ಲಾ ವ್ಯಾಪಾರಿ ಕಳ್ಳ. ಹಾಗಾಗಿ ನಮ್ಮ ಕಡೆ ಒಂದು ಪದ್ಧತಿ ಇದೆ. ಒಬ್ಬ ಹೇಳಿದ ಔಟ್‌ಟರ್ನ್ ಒಪ್ಪುವ ಮುಂಚೆ, ಅವನ ಮೇಲೆ ಜಗಳ ತೆಗೆಯುವ ಮುಂಚೆ ಕೂಡ, ಅದೇ ಸ್ಯಾಂಪಲ್ಲನ್ನು ಬೇರೆ ಎರಡು ಕಡೆ ತೋರಿಸಬೇಕು. ನಮ್ಮವರು ಈ ಪದ್ಧತಿಯನ್ನು ಕಾಫಿಗೆ ಮಾತ್ರವಲ್ಲ, ಹಲ್ಲುನೋವಿಗೂ ಪಾಲಿಸುತ್ತಾರೆ. ಮೂವರು ಡಾಕ್ಟರಿಗೆ ತೋರಿಸುವಷ್ಟರಲ್ಲಿ ಹಲ್ಲು ತಾನಾಗಿಯೇ ಬಿದ್ದುಹೋಗಿತ್ತು.

ಈ ಸಲ ಏಪ್ರಿಲ್ ತಿಂಗಳ ಸಿಡಿಲಿಗೆ ನಮ್ಮ ಮನೆಯ ಕಂಪ್ಯೂಟರ್ ಸತ್ತಿತು. ನಮ್ಮವರು ಅದರಲ್ಲಿ ಮಾಡುತ್ತಿದ್ದ ಘನಂದಾರಿ ಕೆಲಸವೆಂದರೆ ಬೆಳಿಗ್ಗೆ ಎದ್ದು ಕಾಫಿ ರೇಟು ನೋಡುವುದು, ನೋಡಿ ನಿಟ್ಟುಸಿರು ಬಿಡುವುದು. ನನ್ನ ತಮ್ಮ ಸಿದ್ಧಾರ್ಥ, ಮನೆಯವರ ಬಾಯಲ್ಲಿ ಸಿದ್ದು, ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಾನೆ. ಅವನೇ ಬಂದು ಹೊಸ ಮದರ್‌ಬೋರ್ಡ್ ಹಾಕಿ, ಹಳೆಯ ಮೆಮೊರಿ ಅದಕ್ಕೆ ಕೂರುವುದಿಲ್ಲವೆಂದು ಹೊಸ ಮೆಮೊರಿಯನ್ನೂ ಸಿಕ್ಕಿಸಿ, ಕಂಪ್ಯೂಟರ್ ಬದುಕಿಸಿಕೊಟ್ಟ. ಅಂಗಡಿಯಿಂದ ಫೋನ್ ಮೇಲೆ ಫೋನ್ ಬರುತ್ತಿದ್ದರಿಂದ ಕಾಫಿಯನ್ನೂ ಅರ್ಧಕ್ಕೇ ಬಿಟ್ಟು ಓಡಿದ.

ಫೋನ್ ಬರುತ್ತಿತ್ತು ಅಂದ ಮಾತ್ರಕ್ಕೆ ಅಂಗಡಿ ಜೋರಾಗಿ ನಡೆಯುತ್ತಿತ್ತು ಅಂದುಕೊಳ್ಳಬೇಡಿ. ಬಾಡಿಗೆ ಕೇಳುವವರೂ ಫೋನ್ ಮಾಡುತ್ತಾರೆ. ಅಂಗಡಿ ಉಳಿಯಬೇಕಾದರೆ ಅವನಿಗೆ ಒಂದು ಕಾಯಂ ಕೆಲಸ ಸಿಗಬೇಕಿತ್ತು. ನಮ್ಮ ಊರಿನ ಬೆಳೆಗಾರರ ಸಂಘದವರು ತಮ್ಮ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳಲು ಒಬ್ಬರನ್ನು ಹುಡುಕುತ್ತಿದ್ದರು. ಸೋಮವಾರ ಮಧ್ಯಾಹ್ನ ಬಾ, ತೀರ್ಮಾನ ಮಾಡುತ್ತೇವೆ ಎಂದು ಅಧ್ಯಕ್ಷರಾದ ಪೂವಯ್ಯನವರು ಹೇಳಿಕಳಿಸಿದ್ದರು. ಸಿಕ್ಕಿದರೆ ಬದುಕಿಕೊಂಡೆ, ಸಿಗದಿದ್ದರೆ ಅಂಗಡಿ ಬಾಗಿಲು ಹಾಕುತ್ತೇನೆ ಅಕ್ಕಾ ಎಂದು ತಮ್ಮ ನನ್ನ ಹತ್ತಿರ ಹೇಳಿದ್ದ. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ನನ್ನ ಗಂಡನ ಕೈಯಲ್ಲಿ ಮೊಬೈಲ್ ಇದೆ ಎಂಬುದು ಮರೆತೇಹೋಗಿತ್ತು.

ಭಾನುವಾರ ನಮ್ಮವರು ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿದರು. ಅದರಲ್ಲಿ ಯಾವನೋ ಒಬ್ಬ ಗಡ್ಡದವನು ಕಣ್ಣು ಕೆಂಪಗೆ ಮಾಡಿಕೊಂಡು, ಹೊಸ ಮದರ್‌ಬೋರ್ಡ್ ಹಾಕಿಸಿದ ಕೂಡಲೇ ಮೆಮೊರಿಯ ಸ್ಪೀಡ್ ಚೆಕ್ ಮಾಡಿಕೊಳ್ಳಿ, ಇಲ್ಲದಿದ್ದರೆ ಮೋಸ ಹೋಗುತ್ತೀರಿ ಎಂದು ಹೇಳುತ್ತಿದ್ದ. ಮೋಸ ಎಂಬ ಶಬ್ದ ಕಿವಿಗೆ ಬಿದ್ದದ್ದೇ ನಮ್ಮವರು ಎದ್ದು ಕೂತರು. ಅವನು ಹೇಳಿದಂತೆ ಒಂದು ಪುಟ್ಟ ಆ್ಯಪ್ ಇಳಿಸಿಕೊಂಡರು. ಮೆಮೊರಿ ಅಂದರೆ ಬಾಚಣಿಗೆಯಷ್ಟುದ್ದದ ಒಂದು ಹಸಿರು ಪಟ್ಟಿ, ಮದರ್‌ಬೋರ್ಡಿಗೆ ಸಿಕ್ಕಿಸುವಂಥದ್ದು. ಅದು ಬಂದ ಡಬ್ಬಿಯ ಮೇಲೆ ಸ್ಪೀಡ್ ಮೂರು ಸಾವಿರದ ಇನ್ನೂರು ಎಂದು ಅಚ್ಚಾಗಿತ್ತು. ಆ್ಯಪಿನಲ್ಲಿ ಕಂಡದ್ದು ಒಂದು ಸಾವಿರದ ಇನ್ನೂರು.

ಬೇರೆ ಯಾರಾದರೂ ಆಗಿದ್ದರೆ ಹೀಗೇಕೆ ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮವರು ಕಾಫಿ ಬೆಳೆಗಾರರು. ಕ್ಯಾಲ್ಕ್ಯುಲೇಟರ್ ತಂದು ಲೆಕ್ಕ ಹಾಕಿದರು. ಐವತ್ತಕ್ಕೆ ಹತ್ತೊಂಬತ್ತೂ ತುಂಬಲಿಲ್ಲ. ಹಂದಿ ತುಳಿದು, ಮಳೆಗೆ ಕೊಳೆತು, ಕಾಯಿಕೊರಕ ಹುಳು ಹತ್ತಿದ ಕಾಫಿಗೂ ಅಷ್ಟು ಕೆಟ್ಟ ಔಟ್‌ಟರ್ನ್ ಬಂದದ್ದು ಅವರು ಜನ್ಮದಲ್ಲಿ ಕಂಡಿರಲಿಲ್ಲ.

ಅವತ್ತು ನಾನು ಕಡುಬು, ಕೋಳಿಸಾರು ಮಾಡಿದ್ದೆ. ನಮ್ಮವರು ಒಂದೇ ಕಡುಬಿಗೆ ಎದ್ದರು. ಜ್ವರವೋ ಏನೋ ಎಂದು ಹಣೆ ಮುಟ್ಟಿ ನೋಡಿದೆ. ನನ್ನ ಮುಖವನ್ನು ಕರುಣೆಯಿಂದ ನೋಡಿ, ನಿನ್ನ ತವರುಮನೆಯವರು ಒಳ್ಳೆಯವರು, ಒಂದು ಬಳ್ಳಿಯಲ್ಲಿ ಒಂದು ಕಾಯಿ ಹುಳುಕಾದರೆ ಬಳ್ಳಿಯದೇನು ತಪ್ಪು ಎಂದರು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಷ್ಟರಲ್ಲಿ ಛತ್ರಿ ಹಿಡಿದು ಪಕ್ಕದ ಮನೆಗೆ ಹೋಗಿಯಾಗಿತ್ತು.

ಪಕ್ಕದ ಮನೆಯಲ್ಲಿರುವುದು ವೆಂಕಟಕೃಷ್ಣ ಮೇಷ್ಟ್ರು. ರಿಟೈರ್ ಆಗಿದ್ದಾರೆ, ಆದರೆ ಬಾಯಿ ಇನ್ನೂ ಸರ್ವೀಸಿನಲ್ಲಿದೆ. ಕೇಳಿದ್ದೊಂದು ಬಿಟ್ಟು ಪ್ರಪಂಚದ ಮಿಕ್ಕಿದ್ದೆಲ್ಲ ಅವರಿಗೆ ಗೊತ್ತು. ನಮ್ಮವರು ಅವರ ಹತ್ತಿರ ಸ್ಯಾಂಪಲ್ಲಿನ ವಿಷಯ ಹೇಳಿ, ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿದರು. ಮೇಷ್ಟ್ರು ಕಣ್ಣು ಮುಚ್ಚಿ ಆಲೋಚಿಸಿ, ಆತುರಪಟ್ಟು ಯಾರನ್ನೂ ಕಳ್ಳ ಅನ್ನಬಾರದು, ಇದು ಮಾಯಿಶ್ಚರ್ ಇದ್ದರೂ ಇರಬಹುದು ಅಂದರಂತೆ. ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಪಾಪ ಈ ಹಸಿರು ಪಟ್ಟಿ ಯಾವ ಲೆಕ್ಕ ಎಂಬುದು ಅವರ ವಾದ.

ನಾನು ಕೊಟ್ಟಿಗೆಯಿಂದ ಬಂದು ನೋಡುವಾಗ ಕಂಪ್ಯೂಟರಿನ ಹೊಟ್ಟೆ ತೆರೆದಿತ್ತು. ಸ್ವಿಚ್ ಒತ್ತಿದರೆ ಕುಂಯ್ ಕುಂಯ್ ಎಂದು ಅಳುತ್ತಿತ್ತೇ ಹೊರತು ಪರದೆ ಬೆಳಗುತ್ತಿರಲಿಲ್ಲ. ಹಸಿರು ಪಟ್ಟಿ ಅಕ್ಕಿ ತುಂಬಿದ ಟಿಫನ್ ಡಬ್ಬಿಯೊಳಗೆ, ಡಬ್ಬಿ ಒಲೆಯ ಮೇಲಿನ ಅಟ್ಟದಲ್ಲಿ, ಪಕ್ಕದಲ್ಲಿ ಒಣಗಲು ಹಾಕಿದ ನನ್ನ ಮೆಣಸಿನಕಾಯಿ. ಆಗ ವಿಷಯ ಹೊರಗೆ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ತಮ್ಮ ಬಾಯಿ ಸತ್ತವನು, ಮಕ್ಕಳಾಟದಲ್ಲೂ ಗೋಲಿ ಕದ್ದವನಲ್ಲ. ಅವನನ್ನೇ ಕೇಳಿದರೆ ಮುಗಿಯಿತಲ್ಲ ಎಂದೆ.

"ವ್ಯಾಪಾರಿನ ಕೇಳಿದ್ರೆ ಸರಿ ಐತೆ ಅಂತಾನೇ ಹೇಳೋದು ಸುಮಿತಾ. ಇನ್ನೊಂದ್ ಕಡೆ ಸ್ಯಾಂಪಲ್ ತೋರಿಸ್ದೆ ನಾನ್ ಬಾಯಿ ಬಿಡಾಕಿಲ್ಲ. ಅವ್ನು ನಿನ್ ತಮ್ಮ ಅಂತ ತಾನೆ ಇಷ್ಟು ಮರ್ಯಾದೆ ಮಾಡ್ತಿರೋದು."

ಕೊನೆಗೆ ಕೈಮುಗಿದು ಬೇಡಿಕೊಂಡೆ. ನಾಳೆ ಸಂಘದ ತೀರ್ಮಾನ ಆಗಿಹೋಗಲಿ, ಅಲ್ಲಿಯವರೆಗೆ ತುಟಿ ಬಿಚ್ಚಬೇಡಿ, ಪೂವಯ್ಯನವರ ಕಿವಿಗೆ ಬಿದ್ದರೆ ಹುಡುಗನ ಹೊಟ್ಟೆಯ ಮೇಲೆ ಹೊಡೆದಂತೆ ಎಂದೆ. ಹೂಂ ಎಂದರು. ನಮ್ಮವರ ಹೂಂ ಎಂದರೆ ಕೇಳಿಸಿತು ಎಂದಷ್ಟೇ ಅರ್ಥ, ಒಪ್ಪಿದೆ ಎಂದಲ್ಲ. ಇದು ಮದುವೆಯಾಗಿ ಇಷ್ಟು ವರ್ಷದ ಮೇಲೂ ನನಗೆ ಆಗಾಗ ಮರೆತುಹೋಗುತ್ತದೆ.

ಸೋಮವಾರ ಬೆಳಿಗ್ಗೆ ನೋಡಿದರೆ ಗಂಡನೂ ಇಲ್ಲ, ಟಿಫನ್ ಡಬ್ಬಿಯೂ ಇಲ್ಲ.

ಸೋಮವಾರ ನಮ್ಮ ಪೇಟೆಯಲ್ಲಿ ಸಂತೆ. ನಾನು ಬ್ಯಾಗ್ ಹಿಡಿದು ಹೊರಟೆ, ತರಕಾರಿಯ ನೆಪದಲ್ಲಿ ಗಂಡನನ್ನು ಹುಡುಕಲು. ಮೇಷ್ಟ್ರು ಬೆಳಿಗ್ಗೆಯೇ ಸಂತೆಗೆ ಬಂದಿದ್ದರೆಂದು ಆಮೇಲೆ ಗೊತ್ತಾಯಿತು. ಆಣೆ ಹಾಕಿದ್ದರಿಂದ ಅವರು ವಿಷಯವನ್ನು ಯಾರಿಗೂ ಹೇಳಿರಲಿಲ್ಲವಂತೆ. ಹೇಳಬಾರದೆಂದು ಎಲ್ಲರಿಗೂ ಹೇಳಿದ್ದರಂತೆ. ಸೊಪ್ಪು ಮಾರುವ ಚಿಕ್ಕಿ ನನ್ನನ್ನು ಕಂಡವಳೇ ಒಂದು ಕಟ್ಟು ಸೊಪ್ಪು ಜಾಸ್ತಿ ಹಾಕಿದಳು. ಸಾವಿನ ಮನೆಯವರಿಗೆ ಹಾಗೆ ಹಾಕುವುದು ಅವಳ ವಾಡಿಕೆ.

"ಅಕ್ಕಾ, ನಿನ್ ತಮ್ಮ ಕಂಪ್ಯೂಟ್ರೊಳಗಿಂದ ಅರ್ಧ ತೆಗ್ದು ಕುಶಾಲನಗರದಲ್ಲಿ ಮಾರ್ತಾನಂತೆ, ಹೌದಾ?"

ಇಲ್ಲ ಕಣೆ ಎಂದು ಅವಳಿಗೆ ಹೇಳಿ ಮುಂದೆ ಬಂದರೆ, ಬಾಳೆಹಣ್ಣಿನವನ ಹತ್ತಿರ ಅದು ಮೈಸೂರಾಗಿತ್ತು. ಒಣಮೀನಿನ ಸಾಲಿಗೆ ಬರುವಾಗ ನನ್ನ ತಮ್ಮ ಬ್ಯಾಂಕಿನ ಕಂಪ್ಯೂಟರನ್ನೂ ಖಾಲಿ ಮಾಡಿ, ಜನರ ದುಡ್ಡೆಲ್ಲ ಅರ್ಧ ಆಗಿ, ಮ್ಯಾನೇಜರ್ ರಜೆ ಹಾಕಿ ಮಲಗಿದ್ದರು. ಬಸ್‌ಸ್ಟ್ಯಾಂಡಿನ ಹತ್ತಿರ ಬರುವಾಗ ಆ ಕಥೆಗೆ ಪೊಲೀಸರೂ ಸೇರಿಕೊಂಡಿದ್ದರು. ಪಂಚಾಯಿತಿ ಕಚೇರಿಯ ಗುಮಾಸ್ತರೊಬ್ಬರು ನನ್ನನ್ನು ತಡೆದು, ನಮ್ಮ ಆಫೀಸಿನ ಕಂಪ್ಯೂಟರ್ ಎರಡು ವರ್ಷದಿಂದ ನಿಧಾನ ಇದೆಯಮ್ಮ, ಈಗ ಕಾರಣ ಗೊತ್ತಾಯಿತು ಎಂದರು. ಸಿದ್ದು ಆ ಆಫೀಸಿನ ಮೆಟ್ಟಿಲನ್ನೇ ಹತ್ತಿದವನಲ್ಲ. ತಮ್ಮನ ಅಂಗಡಿಯ ಮುಂದೆ ಒಬ್ಬ ಹೆಂಗಸು ರಿಪೇರಿಗೆ ಕೊಟ್ಟಿದ್ದ ಲ್ಯಾಪ್‌ಟಾಪನ್ನು ಹಾಗೆಯೇ ವಾಪಸು ಕೊಡು ಎಂದು ಜಗಳ ಮಾಡುತ್ತಿದ್ದಳು. ಅಂಗಡಿಗೆ ಬೀಗ ಹಾಕಿತ್ತು. ಯಾರ ಹತ್ತಿರ ಜಗಳ ಮಾಡುತ್ತಿದ್ದಳೋ ಅವಳಿಗೇ ಗೊತ್ತು. ಸಂಘದ ಕಡೆಗೆ ಓಡಿದೆ.

ಸಂಘದ ಕಚೇರಿ ಗೋದಾಮಿಗೆ ಅಂಟಿಕೊಂಡೇ ಇದೆ. ಕಾಫಿ ಎಷ್ಟು ಒಣಗಿದೆ ಎಂದು ನೋಡುವ ಮಾಯಿಶ್ಚರ್ ಮೀಟರ್ ಅಲ್ಲೇ ಮೇಜಿನ ಮೇಲಿರುತ್ತದೆ. ಮೀಟರಿನ ಸುತ್ತ ಜನ, ಜನರ ನಡುವೆ ನಮ್ಮವರು, ಅವರ ಎದುರಿಗೆ ಮೂಗಿನ ತುದಿಗೆ ಕನ್ನಡಕ ಇಳಿಸಿದ ಪೂವಯ್ಯನವರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎರಡನೇ ಸ್ಯಾಂಪಲ್ ತೋರಿಸಲು ಇಡೀ ಕೊಡಗಿನಲ್ಲಿ ಇವರಿಗೆ ಸಿಕ್ಕ ಜಾಗ ಇದೇನಾ?

ಹಸಿರು ಪಟ್ಟಿ ಮೀಟರಿನ ಬಟ್ಟಲೊಳಗೆ ಇಳಿಯಲಿಲ್ಲ. ನಮ್ಮವರು ಅದನ್ನು ಅಡ್ಡ ಇಟ್ಟರು, ನೆಟ್ಟಗೆ ಇಟ್ಟರು, ಕೊನೆಗೆ ಬಟ್ಟಲ ಮೇಲೆ ಹಿಡಿದುಕೊಂಡು ನಿಂತರು. ಪಟ್ಟಿಗೆ ಅಂಟಿದ್ದ ಅಕ್ಕಿಕಾಳು ಉದುರಿ ಬಟ್ಟಲಿಗೆ ಬಿದ್ದವೋ ಏನೋ, ಮೀಟರ್ ಹದಿಮೂರು ತೋರಿಸಿತು. ಪೂವಯ್ಯನವರು ಅದನ್ನು ಬಹಳ ಹೊತ್ತು ನೋಡಿ, ಮಾಯಿಶ್ಚರ್ ಸ್ವಲ್ಪ ಜಾಸ್ತಿ, ಆದರೆ ಹತ್ತೊಂಬತ್ತಕ್ಕೆ ಇಳಿಯುವಷ್ಟಲ್ಲ ಎಂದು ತೀರ್ಪು ಕೊಟ್ಟರು. ಅವರು ಗಂಭೀರವಾಗಿದ್ದರೋ ತಮಾಷೆ ಮಾಡುತ್ತಿದ್ದರೋ ಆ ಮುಖ ನೋಡಿ ಹೇಳುವುದು ಯಾರಿಗೂ ಸಾಧ್ಯವಿಲ್ಲ. ಆಮೇಲೆ ಅವರು ಕೇಳಿದ ಪ್ರಶ್ನೆ ಮಾತ್ರ ತಮಾಷೆಯದಾಗಿರಲಿಲ್ಲ.

"ಇದು ಹಾಕಿದ್ದು ಯಾರು ಜಯಪ್ರಕಾಶ್?"

ನಮ್ಮವರು ನನ್ನನ್ನು ಕಂಡರು. ಹೇಳುವ ಅಗತ್ಯವೇ ಬೀಳಲಿಲ್ಲ, ಹಿಂದಿನಿಂದ ನಾಲ್ಕು ಜನ ಒಟ್ಟಿಗೇ ಹೇಳಿದರು. ಅದೇ ಹೊತ್ತಿಗೆ ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಸಿದ್ಧಾರ್ಥ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಿ ನನ್ನ ಕಣ್ಣಲ್ಲಿ ನೀರು ಬಂತು.

ಜಗಳ ಮಾಡುತ್ತಾನೆ ಅಂದುಕೊಂಡೆ. ಮಾಡಲಿಲ್ಲ. ವಿಷಯ ಕೇಳಿ ತಿಳಿದುಕೊಂಡು, ಸಂಘದ ಒಂದು ಕಂಪ್ಯೂಟರ್ ಮುಂದೆ ಕೂತ. ಅದು ಸೀಲಾದ ಪೆಟ್ಟಿಗೆಯಲ್ಲಿ ಮೈಸೂರಿನಿಂದ ಬಂದದ್ದು, ಇವನ ಕೈ ಇನ್ನೂ ಸೋಕದ್ದು. ಬಾವ ನೋಡಿದ ಆ್ಯಪನ್ನೇ ಅದರಲ್ಲಿ ಹಾಕಿದ. ಬಿಲ್ಲಿನಲ್ಲಿ ಮೂರು ಸಾವಿರದ ಇನ್ನೂರು, ಪರದೆಯ ಮೇಲೆ ಒಂದು ಸಾವಿರದ ಆರುನೂರು. ಸರಿಯಾಗಿ ಅರ್ಧ. ಮೈಸೂರಿನವರೂ ಕದ್ದಿದ್ದಾರೆ ಎಂದು ಹಿಂದಿನಿಂದ ಯಾರೋ ಹೇಳಿದರು. ಪಕ್ಕದ ಕಂಪ್ಯೂಟರ್ ನೋಡಿದ, ಅದೂ ಅರ್ಧ. ಲೆಕ್ಕ ಬರೆಯುವ ವಿಭಾ ತನ್ನ ಸ್ವಂತ ಲ್ಯಾಪ್‌ಟಾಪ್ ತಂದು ಕೊಟ್ಟಳು, ಅದೂ ಅರ್ಧ. ಇಷ್ಟು ಹೊತ್ತು ಒಬ್ಬ ಕಳ್ಳನಿದ್ದ ಕೋಣೆಯಲ್ಲಿ ಈಗ ಎಲ್ಲರೂ ಮೋಸ ಹೋದವರಾಗಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಬ್ರು ಹಿಡ್ದು ಎಳೆಯೋ ಗರಗಸ ನೋಡಿದೀರಲ್ಲ," ಎಂದ ಸಿದ್ದು, ಎಲ್ಲರಿಗೂ ಕೇಳುವಂತೆ. "ಈ ಕಡೆ ಎಳೆದ್ರೂ ಕುಯ್ತದೆ, ಆ ಕಡೆ ಎಳೆದ್ರೂ ಕುಯ್ತದೆ. ಈ ಆ್ಯಪು ಒಂದು ಕಡೆ ಎಳೆದದ್ದು ಮಾತ್ರ ಎಣಿಸೋದು. ಡಬ್ಬಿ ಮೇಲೆ ಹಾಕೋರು ಎರಡನ್ನೂ ಎಣಿಸ್ತಾರೆ. ಯಾರ ಮೆಮೊರೀನೂ ಯಾರೂ ಕದ್ದಿಲ್ಲ."

ಮರ ಕುಯ್ಯಿಸದ ಬೆಳೆಗಾರನಿಲ್ಲ. ಎಲ್ಲರಿಗೂ ಆ ಕ್ಷಣವೇ ಅರ್ಥವಾಯಿತು. ನಗು ಎಲ್ಲಿಂದ ಶುರುವಾಯಿತೋ, ಗೋದಾಮಿನ ಹಮಾಲರವರೆಗೂ ಹಬ್ಬಿತು. ಮೆಮೊರಿಯನ್ನು ಕಣದಲ್ಲಿ ಹರವಿ ಒಣಗಿಸಬೇಕಿತ್ತು ಎಂದೊಬ್ಬ, ಸಿಪ್ಪೆ ಬಿಡಿಸದೆ ತೂಗಿದ್ದಾರೆ ಎಂದಿನ್ನೊಬ್ಬ. ಮಾಯಿಶ್ಚರ್ ಎಂದು ಹೇಳಿಕೊಟ್ಟ ಮೇಷ್ಟ್ರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು. ನಮ್ಮವರು ಮಾತ್ರ ನಗಲಿಲ್ಲ. ಎಲ್ಲರದೂ ಐವತ್ತಕ್ಕೆ ಇಪ್ಪತ್ತೈದು ಬಂದಿದೆ, ನನ್ನದು ಯಾಕೆ ಹತ್ತೊಂಬತ್ತು ಎಂದು ಕೇಳಿದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಂದು ಸಲ ಕೇಳಿದರು. ನಿಮ್ಮ ಕಂಪ್ಯೂಟರಿಗೂ ನಿಮ್ಮ ಹಾಗೇ ಸಂಶಯ ಜಾಸ್ತಿ ಎಂದು ಮೇಷ್ಟ್ರು ಹೇಳಿದಾಗ ನಗು ಇನ್ನೂ ಜೋರಾಯಿತು. ನಿಜ ಹೇಳುತ್ತೇನೆ, ನಾನೂ ನಕ್ಕೆ. ತಮ್ಮ ಬಚಾವಾದ ಸಂತೋಷ ನನಗೆ.

ಪೂವಯ್ಯನವರು ಕನ್ನಡಕ ಮೇಲೇರಿಸಿ ಸಿದ್ದುವಿನ ಬೆನ್ನು ತಟ್ಟಿದರು.

"ಕೆಲಸ ನಿನಗೇ. ನಾಳೆಯಿಂದ ಬಾ. ನನಗೆ ಒಂದೇ ಒಂದು ಮಾತು: ಇಲ್ಲಿ ಕೆಲಸ ಅಂದರೆ ತಪ್ಪು ಆಗಬಾರದು. ಮೊದಲಿದ್ದವನನ್ನು ಒಂದೇ ತಪ್ಪಿಗೆ ನಾನು ಕಳಿಸಿದ್ದು."

ಮೂವರೂ ಒಟ್ಟಿಗೆ ಮನೆಗೆ ಬಂದೆವು. ದಾರಿಯುದ್ದಕ್ಕೂ ನಾನು ಗಂಡನಿಗೆ ಬೈದೆ. ಅವರು ಟಿಫನ್ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಹುಡುಗನ ಬಾಳು ಹಾಳಾಗುವುದಿತ್ತು, ಊರವರಿಂದೆಲ್ಲ ಅವನನ್ನು ಕಳ್ಳ ಅನ್ನಿಸಿದಿರಿ, ನಿಮಗೊಂದು ಔಟ್‌ಟರ್ನ್ ತೆಗೆದರೆ ಸೊನ್ನೆ ಬರುತ್ತದೆ ಎಂದೆಲ್ಲ ಹೇಳಿದೆ. ಸಿದ್ದುವೇ, ಬಿಡು ಅಕ್ಕಾ, ಬಾವನಿಗೆ ಗೊತ್ತಾಗಲಿಲ್ಲ ಎಂದ.

ಮನೆಯಲ್ಲಿ ಅವನು ಹಸಿರು ಪಟ್ಟಿಯ ಅಕ್ಕಿಹಿಟ್ಟು ಒರೆಸಿ, ಮೆಮೊರಿಯನ್ನು ಮತ್ತೆ ಸಿಕ್ಕಿಸಿದ. ಕಂಪ್ಯೂಟರ್ ಅಳು ನಿಲ್ಲಿಸಿತು, ಪರದೆ ಬೆಳಗಿತು. ಆ್ಯಪ್ ತೆರೆದ. ನಾನು ಕಾಫಿ ತಂದುಕೊಟ್ಟೆ. ಅವನು ಲೋಟ ಹಿಡಿದುಕೊಂಡ, ಕುಡಿಯಲಿಲ್ಲ. ಏನೋ ಅದು ಎಂದೆ. ಅವನು ನನ್ನನ್ನು ನೋಡದೆ, ಹಿಂದೆ ನಿಂತಿದ್ದ ಬಾವನ ಕಡೆ ತಿರುಗಿದ.

"ಬಾವ, ನೀವು ಹೇಳಿದ್ದು ಸರಿ. ಅರ್ಧ ಅಂದ್ರೆ ಸಾವಿರದ ಆರುನೂರು ಬರ್ಬೇಕಿತ್ತು, ಸಾವಿರದ ಇನ್ನೂರೇ ಬಂದೈತೆ. ಹೊಸ ಬೋರ್ಡ್ ಹಾಕಿದ್ಮೇಲೆ ಸ್ಪೀಡ್ ಸೆಟ್ ಮಾಡ್ಬೇಕು. ಅವತ್ತು ಫೋನ್ ಬಂತು ಅಂತ ಓಡ್ದೆ. ಮರ್ತೆ. ತಪ್ಪು ನಂದೇ."

ತಪ್ಪು ಆಗಬಾರದು ಎಂದು ಪೂವಯ್ಯನವರು ಹೇಳಿ ಒಂದು ಗಂಟೆ ಆಗಿರಲಿಲ್ಲ. ಇತ್ತ ನನ್ನ ಗಂಡನ ಸಂಶಯ ಜೀವಮಾನದಲ್ಲಿ ಮೊದಲ ಸಲ ನಿಜವಾಗಿತ್ತು. ಇಡೀ ಸಂತೆ ಅವರನ್ನು ನೋಡಿ ನಕ್ಕಿತ್ತು, ಹೆಂಡತಿಯೂ ನಕ್ಕಿದ್ದಳು. ಈಗ ಒಂದು ಮಾತು ಹೇಳಿದರೆ ಸಾಕು, ನಕ್ಕವರ ಬಾಯೆಲ್ಲ ಮುಚ್ಚುತ್ತಿತ್ತು. ತಮ್ಮನ ಅಂಗಡಿಯ ಬಾಗಿಲೂ.

ಆಗಲೇ ಅಂಗಳದಲ್ಲಿ ಮೇಷ್ಟ್ರ ಚಪ್ಪಲಿ ಸದ್ದು. ಆ ಮನುಷ್ಯ ಸುದ್ದಿಯ ಕೊನೆಯ ಕಂತು ಬಿಟ್ಟುಬಿಡುವವರಲ್ಲ. ಮೆಟ್ಟಿಲು ಹತ್ತುತ್ತಲೇ, ಏನು ಜಯಪ್ರಕಾಶ್, ಕೊನೆಗೆ ಎಷ್ಟು ಬಂತು ನಿಮ್ಮ ಔಟ್‌ಟರ್ನು, ನಾನೂ ನೋಡಬೇಕು ಎಂದರು. ಪರದೆಯ ಮೇಲೆ ಸಾವಿರದ ಇನ್ನೂರು ಹಾಗೇ ಇತ್ತು. ನಾನು ದೇವರನ್ನು ನೆನೆದೆ.

ನಮ್ಮವರು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತರು.

"ಸರಿಯಾಗೇ ಐತೆ ಮೇಷ್ಟ್ರೆ. ನಂಗೆ ನೋಡಕ್ ಬರ್ಲಿಲ್ಲ ಅಷ್ಟೆ," ಎಂದರು.

ಮೇಷ್ಟ್ರು ಮತ್ತೆ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕು, ಇದನ್ನೂ ಪೇಟೆಯಲ್ಲಿ ಹೇಳಬೇಕು ಎಂದು ಆತುರದಲ್ಲಿ ಒಳಗೂ ಬಾರದೆ ತಿರುಗಿದರು. ನಮ್ಮವರು ಬಾಗಿಲು ಮುಂದಕ್ಕೆ ಮಾಡಿ ಬಂದು ಸಿದ್ದುವಿನ ಪಕ್ಕ ಕೂತು, ಈಗ ಬೇಗ ಸರಿ ಮಾಡು ಎಂದರು. ಅದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

ಆಮೇಲೆ ಅವರು ಛತ್ರಿ ತೆಗೆದುಕೊಂಡು ಮೀನು ತರುತ್ತೇನೆಂದು ಹೊರಟರು. ಇವತ್ತು ಆ ಸಂತೆಗೆ ಹೋಗಬೇಡಿ, ಜನ ನಗುತ್ತಾರೆ ಎಂದು ನಾನೇ ತಡೆದೆ. ನಗಲಿ ಬಿಡು, ಹುಡುಗ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಹೇಳಿ ಹೋದರು.